ದೋಣಿಯ ಹೊದಿಕೆಗೆ ಹಿಡಿದ ಬೂಷ್ಟು

ಸಹ್ಯಾದ್ರಿಯಲ್ಲಿ ಹುಟ್ಟಿದ ಕೃಷ್ಣೆಯು ಚಿಕ್ಕೋಡಿ ತಾಲೂಕಿನ ಮೂಲಕ ಕನ್ನಡ ನಾಡನ್ನು ಪ್ರವೇಶಿಸಿ, ರಾಯಬಾಗ, ಕಾಗವಾಡ, ಅಥಣಿ ತಾಲೂಕುಗಳ ನೆಲವನ್ನು ತಣಿಸುತ್ತ ಮುಂದೆ ಸಾಗುತ್ತಾಳೆ. ನಿಪ್ಪಾಣಿ ಸೀಮೆಯ ವೇದಗಂಗೆ, ದೂಧಗಂಗೆಯರ ನೀರೂ ಅವಳನ್ನೇ ಸೇರುತ್ತದೆ. ಮಳೆಗಾಲದಲ್ಲಿ ಸೇತುವೆಗಳು ಮುಳುಗಿದಾಗ ಈ ದಂಡೆಯ ಜನರಿಗೆ ದೋಣಿಯೇ ದಿಕ್ಕು. 2005, 2019 ಮತ್ತು 2021ರ ಮಹಾಪೂರಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ದೋಣಿಯನ್ನು ಕಾಯುವ ಹೊದಿಕೆಯ ವಿಷಯದಲ್ಲಿ ನಮ್ಮಿಂದಾದ ಒಂದು ತಪ್ಪನ್ನು ಶರಣ ಬಂಧುಗಳ ಮುಂದೆ ಇಂದು ಹೇಳಿಕೊಳ್ಳುತ್ತಿದ್ದೇವೆ.

ನಾವು ಬಾಲ್ಯದಿಂದ ಮಠದ ನೆರಳಿನಲ್ಲಿ ಬೆಳೆದವರು. ತಾಡಪತ್ರದ ಕಟ್ಟುಗಳಿಗೆ ತೇವ ತಾಗದಂತೆ ನೋಡಿಕೊಳ್ಳುವುದು, ಬಿಚ್ಚಿ ಗಾಳಿಗೆ ಹರಡುವುದು ನಮಗೆ ಗುರುಗಳು ಕಲಿಸಿದ ಮೊದಲ ಸೇವೆ. 2018ರ ಮಳೆಗಾಲ ಮುಗಿದ ಮೇಲೆ ಊರ ದೋಣಿಯ ಹೊದಿಕೆಯನ್ನು ಮಠದ ಉಗ್ರಾಣದಲ್ಲಿ ಇಡಬೇಕಾಯಿತು. ಅದು ನೂಲಿನ ದಪ್ಪ ತಾಡಪತ್ರಿ, ಇನ್ನೂ ಹಸಿಯಾಗಿತ್ತು. ಅಂಗಳದಲ್ಲಿ ಹರಡಿ ಬಿದ್ದಿರುವುದು ಅಂದವಲ್ಲವೆಂದು ಭಾವಿಸಿ, ಮಡಚಿ ಬಿಗಿದು ಮೂಲೆಗಿಡುವಂತೆ ನಾವೇ ಹೇಳಿದೆವು.

"ಹಸಿ ಅರಿವಿ ಮಡಚಿದ್ರ ಮುಗ್ಗತೈತ್ರಿ, ಶಾಸ್ತ್ರಿಗಳ," ಎಂದು ಅಂಬಿಗನು ಮೆಲ್ಲನೆ ಎಂದನು. ನಾವು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತಾಡಪತ್ರವನ್ನು ಬಲ್ಲ ನಮಗೆ ತಾಡಪತ್ರಿಯ ಪಾಠವನ್ನು ಅವನು ಹೇಳುವುದೇ ಎಂಬ ಭಾವ ಒಳಗೆ ಇದ್ದಿರಬೇಕು.

ಮರುವರ್ಷ ಬಿಚ್ಚಿದಾಗ ಉಗ್ರಾಣವೆಲ್ಲ ಮುಗ್ಗಲು ವಾಸನೆ. ಹೊದಿಕೆಯ ತುಂಬ ಕಪ್ಪು ಚುಕ್ಕೆಗಳು. ಮಡಿಕೆಗಳಲ್ಲಿ ಬಟ್ಟೆ ಜೀರ್ಣವಾಗಿತ್ತು. ಬೇರೆ ಇಲ್ಲದ ಕಾರಣ ಅದನ್ನೇ ಹೊದಿಸಿದರು. ಆ ಆಗಸ್ಟಿನ ಎಡೆಬಿಡದ ಮಳೆಯಲ್ಲಿ ಹರಿದ ಮಡಿಕೆಗಳಿಂದ ನೀರು ಸೋರಿ ಮೋಟಾರಿಗೂ ಇಂಧನಕ್ಕೂ ಸೇರಿತು. ನದಿ ಉಕ್ಕಿದ ಸಂಜೆ ಎಷ್ಟು ಪ್ರಯತ್ನಿಸಿದರೂ ಮೋಟಾರು ಚಾಲೂ ಆಗಲಿಲ್ಲ. ಆ ಸೆಳವಿಗೆ ಹುಟ್ಟು ಹಾಕಿ ಹೋಗುವುದು ಸಾಧ್ಯವಿರಲಿಲ್ಲ. ತೋಟದ ಮನೆಯ ಮಾಳಿಗೆಯ ಮೇಲೆ ಸಿಲುಕಿದ್ದ ವೃದ್ಧ ತಾಯಿಯೊಬ್ಬರು ಇಡೀ ರಾತ್ರಿ ಮಳೆಯಲ್ಲಿಯೇ ಕಳೆದರು. ಮರುದಿನ ಪರಿಹಾರ ತಂಡದ ದೋಣಿ ಅವರನ್ನು ದಡಕ್ಕೆ ತಂದಿತು. "ರಾತ್ರಿಪೂರಾ ನಾವಿನ ಹಾದಿ ನೋಡೇನ್ರಿ, ಶಾಸ್ತ್ರಿಗಳ," ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ. ಆದುದರಿಂದಲೇ ನಾವು ತಲೆ ಎತ್ತಲಾರದೆ ಹೋದೆವು.

ನೀರು ಇಳಿದ ಮೇಲೆ ಅಂಬಿಗನ ಬಳಿಗೆ ಹೋಗಿ ತಪ್ಪೊಪ್ಪಿಕೊಂಡೆವು. ಅವನಿಂದಲೇ ಕೆಲಸ ಕಲಿತೆವು. ಬೂಷ್ಟು ಒಂದು ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ. ತೇವ, ಸೆಕೆ, ಕದಲದ ಗಾಳಿ ಒದಗಿದರೆ ಒಂದೆರಡು ದಿನಗಳಲ್ಲಿಯೇ ಬೇರೂರುತ್ತವೆ. ನೂಲಿನ ಬಟ್ಟೆಯಲ್ಲಿ ಎಳೆಯನ್ನೇ ತಿನ್ನುತ್ತವೆ. ಪ್ಲಾಸ್ಟಿಕ್ ಹೊದಿಕೆಯ ಮೇಲಾದರೆ ಧೂಳು, ತರಗೆಲೆ, ಹಕ್ಕಿಯ ಹಿಕ್ಕೆಗಳೇ ಅವುಗಳ ಆಹಾರ. ಹದ ತಪ್ಪಿ ತೇವವುಳಿದ ತಂಬಾಕಿಗೆ ಬೂಷ್ಟು ಹಿಡಿಯುವುದನ್ನು ನಿಪ್ಪಾಣಿಯ ರೈತರು ಬಲ್ಲರು. ಎರಡರ ಮೂಲವೂ ಒಂದೇ.

ಬೂಷ್ಟು ಕಂಡೊಡನೆ ಹೊದಿಕೆಯನ್ನು ಬಯಲಿಗೆ ಒಯ್ದು ಬಿಸಿಲಿನಲ್ಲಿ ಒಣಗಿಸಬೇಕು. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆಯ ಬ್ರಷ್‌ನಿಂದ ಉಜ್ಜಿ ಉದುರಿಸಬೇಕು. ಬಳಿಕ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಕಲೆಯ ಮೇಲೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಸೌಮ್ಯ ಸಾಬೂನಿನ ನೀರಿನಿಂದ ತೊಳೆದು, ಶುದ್ಧ ನೀರಿನಲ್ಲಿ ಜಾಲಿಸಬೇಕು. ತಂತಿಯ ಬ್ರಷ್ ಸಲ್ಲದು. ಬ್ಲೀಚಿಂಗ್ ಪುಡಿ ನೂಲನ್ನು ಕೆಡಿಸುತ್ತದೆ. ಅದನ್ನು ವಿನೆಗರಿನೊಡನೆ ಎಂದಿಗೂ ಬೆರೆಸಬಾರದು, ವಿಷವಾಯು ಏಳುತ್ತದೆ. ಕಲೆ ಪೂರ್ತಿ ಹೋಗದಿದ್ದರೂ ಚಿಂತೆಯಿಲ್ಲ, ಬಟ್ಟೆ ಗಟ್ಟಿಯಾಗಿದ್ದರೆ ಸಾಕು. ತಿಕ್ಕಿ ತೊಳೆದಾಗ ನೀರು ತಡೆಯುವ ಲೇಪ ಸವೆಯುವುದರಿಂದ, ಚೆನ್ನಾಗಿ ಒಣಗಿದ ಮೇಲೆ ಮತ್ತೆ ಲೇಪ ಕೊಡಬೇಕು.

ಬಾರದಂತೆ ತಡೆಯುವುದು ಇನ್ನೂ ಸುಲಭ. ಹೊದಿಕೆಯ ನಡುವೆ ಬಿದಿರಿನ ಗಳ ಕೊಟ್ಟು ಎತ್ತರಿಸಿದರೆ ನೀರು ನಿಲ್ಲದೆ ಜಾರುತ್ತದೆ. ಎರಡೂ ತುದಿಗಳಲ್ಲಿ ಗಾಳಿಯಾಡಲು ಸಂದು ಬಿಡಬೇಕು. ದೋಣಿಯೊಳಗಿನ ನೀರನ್ನು ಮೊದಲೇ ಗೋರಿ ಹಾಕಬೇಕು. ಮಳೆ ಹೊಳವಾದಾಗ ಬಿಚ್ಚಿ ಹರಡಬೇಕು. ಎರಡೂ ಮಗ್ಗುಲು ಒಣಗಿದ ಹೊರತು ಮಡಚಲೇಬಾರದು. ಇಡುವಾಗಲೂ ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಬೇಕು.

2021ರ ಜುಲೈಯಲ್ಲಿ ನದಿ ಮತ್ತೆ ಉಕ್ಕಿದಾಗ ಹೊಸ ಹೊದಿಕೆಯ ಕೆಳಗೆ ಮೋಟಾರು ಒಣಗಿಯೇ ಇತ್ತು. ಅಂಬಿಗನು ಮೊದಲು ಕರೆತಂದದ್ದು ಅದೇ ತಾಯಿಯನ್ನು.

ಹನ್ನೆರಡನೆಯ ಶತಮಾನದ ಚೌಡಯ್ಯನವರು ತಮ್ಮ ಹೆಸರಿನ ಮೊದಲಿಗೇ ಅಂಬಿಗನ ಕಾಯಕವನ್ನು ಇರಿಸಿಕೊಂಡ ಶರಣರು. ಅವರ ಮೇಲೆ ನಾವು ಎಷ್ಟೋ ಪ್ರವಚನಗಳನ್ನು ಮಾಡಿದ್ದೇವೆ. ಆದರೂ ನಮ್ಮೂರ ಅಂಬಿಗನ ಒಂದು ಮಾತನ್ನು ಕೇಳಲು ನಮಗೆ ಒಂದು ಮಹಾಪೂರವೇ ಬೇಕಾಯಿತು. ಈಗ ಬಿಸಿಲು ಬಿದ್ದ ದಿನ ಹೊದಿಕೆಯ ಒಂದು ತುದಿಯನ್ನು ಅವನು ಹಿಡಿದರೆ, ಇನ್ನೊಂದು ತುದಿಯನ್ನು ನಾವು ಹಿಡಿಯುತ್ತೇವೆ.