ಕನ್ನಡಕದೊಳಗಿನ ಕುಣಿತ

ಮಾನ್ವಿಯಲ್ಲಿರುವ ನಮ್ಮ ಮಗಳ ಮಗಳಿಗೆ ಹತ್ತು ವರ್ಷ ತುಂಬಿದೆ. ಬಲು ನಾಚಿಕೆಯ ಕೂಸು; ಶಾಲೆಯ ಕೋಲಾಟದಲ್ಲೊಮ್ಮೆ ಹೆಜ್ಜೆ ತಪ್ಪಿ ಗೆಳತಿಯರು ನಕ್ಕಂದಿನಿಂದ ಕೋಲು ಮುಟ್ಟಿದವಳಲ್ಲ. ಕಳೆದ ದಸರೆಗೆ ಅವಳು ರಾಯಚೂರಿನ ನಮ್ಮ ಮನೆಗೆ ಬಂದಾಗ ಸೋದರಮಾವನು ವರ್ಚುವಲ್ ರಿಯಾಲಿಟಿಯ ಕನ್ನಡಕವನ್ನು ಅವಳ ಕಣ್ಣಿಗೇರಿಸಿದನು. ಒಳಗೆ ಕುಣಿಯುವ ಬೊಂಬೆಯನ್ನು ನೋಡುತ್ತ ಕೂಸು ಅರ್ಧ ಗಳಿಗೆ ಕುಣಿಯಿತು! ನೋಡುವವರು ಕಾಣದಿರಲು ನಾಚಿಕೆಯೂ ದೂರವಾಯಿತು. ನಮ್ಮ ಕಣ್ಣುಗಳು ತುಂಬಿಬಂದವು.

ಇದನ್ನು ಪ್ರಾಥಮಿಕ ಶಾಲೆಗಳಿಗೆ ತರಬಾರದೇಕೆಂದು ಅವನ ವಾದ. ಆದರೆ ಮೆಟಾ ಸಂಸ್ಥೆಯವರು 2023ರಲ್ಲಿ ತಮ್ಮ ಕನ್ನಡಕದ ವಯೋಮಿತಿಯನ್ನು 13ರಿಂದ 10ಕ್ಕೆ ಇಳಿಸಿದರೇ ಹೊರತು ಇನ್ನೂ ಕಿರಿಯರಿಗೆ ಅನುಮತಿಯಿತ್ತಿಲ್ಲ. ಒಂದನೆಯ ತರಗತಿಯ ಎಳೆಯರ ಗತಿಯೇನು? ಮೇಲಾಗಿ ಕೋಲಾಟದಲ್ಲಿ ಎದುರಿನವಳ ಕೋಲಿಗೆ ಕೋಲು ತಾಗಬೇಕು. ಬೊಂಬೆಯ ಕೋಲಿಗೆ ಪೆಟ್ಟಿಲ್ಲ.

ದೇವದುರ್ಗದಿಂದ ಬಂದಿದ್ದ ನಮ್ಮ ಅಕ್ಕನವರು ಎಲ್ಲವನ್ನೂ ನೋಡಿ, "ಬಾರವ್ವಾ, ಈಗ ನನ್ನ ಕೋಲಿಗೆ ಹೊಡಿ" ಎಂದರು. ಕೂಸು ಅನುಮಾನಿಸಿ ಹೊಡೆಯಿತು, ತಪ್ಪಿತು. ಅಕ್ಕನವರೂ ಬೇಕೆಂದೇ ತಪ್ಪಿದರು. ಇಬ್ಬರೂ ನಕ್ಕರು.

ಕನ್ನಡಕವಿರಲಿ, ಬೇಡವೆನ್ನೆವು. ಆದರೆ ಅದನ್ನು ತೆಗೆದಿಟ್ಟ ಗಳಿಗೆಯಲ್ಲಿ ಮಗುವಿನೆದುರಿಗೆ ಕೋಲು ಹಿಡಿದು ನಿಲ್ಲುವವರೊಬ್ಬರು ಶಾಲೆಯಲ್ಲಿರಬೇಕೆಂದು ನಮಗೆ ತೋರುತ್ತದೆ.