ಹೋರಿಯ ಪುಟಕ್ಕೊಂದು ಪುಸ್ತಕ

5 ಅಕ್ಟೋಬರ್ 2025, ರವಿವಾರ, ಅಗಡಿ

ದಸರೆಗೆ ಬಂದಿದ್ದ ಮಗಳು ತನ್ನ ಹಳೆಯ ಲ್ಯಾಪ್‌ಟಾಪ್ ನನಗೆ ಕೊಟ್ಟು ಬೆಂಗಳೂರಿಗೆ ಹೋದಳು. “ಟ್ರಂಕಿನ್ಯಾಗಿನ ಫೋಟೊ ಹುಳ ತಿನ್ನೂಕಿಂತ ಮೊದಲ ಇದರಾಗ ಸ್ಕ್ರ್ಯಾಪ್‌ಬುಕ್ ಮಾಡವ್ವಾ” ಅಂತ ಆಜ್ಞೆ ಬೇರೆ. ಟ್ರಂಕಿನಲ್ಲಿರುವುದು ಬರೀ ಫೋಟೊ ಅಲ್ಲ. ಮಾವನವರ ಹೋರಿಗಳ ಚಿತ್ರ, ಬ್ಯಾಡಗಿಯ ದಲಾಲಿ ಅಂಗಡಿಯವರು ಬರೆದುಕೊಟ್ಟ ಮೆಣಸಿನಕಾಯಿ ಪಟ್ಟಿಗಳು, ಮಾಸಿದ ಲಗ್ನಪತ್ರಿಕೆಗಳು, 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ 86ನೇ ಸಾಹಿತ್ಯ ಸಮ್ಮೇಳನದ ನನ್ನ ಬ್ಯಾಡ್ಜು, ಏಲಕ್ಕಿ ಮಾಲೆಯದೊಂದು ತುಂಡು. ಕತ್ತರಿ, ಗೋಂದು ಹಿಡಿದು ಇವನ್ನೆಲ್ಲ ಹಾಳೆಗೆ ಅಂಟಿಸಲು ನನಗೆ ಮನಸ್ಸಿಲ್ಲ. ಸ್ಕ್ಯಾನ್ ಮಾಡಿ ಪರದೆಯ ಮೇಲೆ ಜೋಡಿಸಿದರೆ ಮೂಲದ್ದು ಟ್ರಂಕಿನಲ್ಲೇ ಉಳಿಯುತ್ತದೆ. ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಅಂದರೆ ಅಷ್ಟೇ. ಆ ಮಾತು ನನಗೆ ಹಿಡಿಸಿತು.

ಯೂಟ್ಯೂಬ್ ನೋಡಿ ಕಲಿ ಅಂದಳು. ನೋಡಿದೆ. ಹೇಳುವವರು ಮೌಸ್ ಓಡಿಸುವ ರಭಸಕ್ಕೆ ಒಂದು ಕೈ ನಿಲ್ಲಿಸುವ ಗುಂಡಿಯ ಮೇಲೆ, ಒಂದು ಕೈ ಕನ್ನಡಕದ ಮೇಲೆ. ಪಾಠ ಹೇಳಿಯೇ ಕೂದಲು ಬೆಳ್ಳಗಾದವಳು ನಾನು. ನನಗೆ ಪುಸ್ತಕ ಬೇಕು. ಅಂಗಡಿಯಲ್ಲಿ ಸಿಗುವಂಥದ್ದಲ್ಲವಾದ್ದರಿಂದ ಇ-ಪುಸ್ತಕವೇ ಗತಿ.

8 ಅಕ್ಟೋಬರ್, ಬುಧವಾರ

ಹುಡುಕಿದರೆ ಸಾಲುಸಾಲು ಬಂದವು. ಎಲ್ಲದರ ಮುಖಪುಟದಲ್ಲೂ ನಗುವ ಕೂಸು, ಮೂಲೆಯಲ್ಲೊಂದು ಗುಂಡಿ, ಒಂದು ರಿಬ್ಬನ್. ಯಾವುದು ಕಲಿಸುತ್ತದೆ, ಯಾವುದು ಬರೀ ತೋರಿಸುತ್ತದೆ ಅಂತ ಮುಖಪುಟ ನೋಡಿ ಹೇಳುವುದು ಸಾಧ್ಯವಿಲ್ಲ.

ನಮ್ಮೂರಿನ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಹೊರಡುತ್ತಿದ್ದ ಕಾಲ ನೆನಪಾಯಿತು; ನೆನಪು ಅಂದರೆ ಹಿರಿಯರಿಂದ ಕೇಳಿದ ನೆನಪು. 1907ರಲ್ಲಿ ಶುರುವಾದ ಆ ಮಾಸಪತ್ರಿಕೆಯ ಸಂಪಾದಕರಾಗಿದ್ದ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರುತ್ತಿದ್ದರಂತೆ. ಕೊಳ್ಳುವವನು ಕಟ್ಟೆಯ ಮೇಲೆ ಕೂತು ನಾಲ್ಕು ಪುಟ ತಿರುವಿ, ಬರೆದವನ ಮುಖವನ್ನೂ ಒಮ್ಮೆ ನೋಡಿ, ಆಮೇಲೆ ದುಡ್ಡು ಬಿಚ್ಚುತ್ತಿದ್ದ. ಈಗ ಆ ಕಟ್ಟೆಯ ಬದಲು ಮಾದರಿ ಪುಟಗಳು ಅಂತ ಕೊಡುತ್ತಾರೆ. ಅದರಲ್ಲಿ ಅರ್ಪಣೆ, ಕೃತಜ್ಞತೆ, ಪೀಠಿಕೆ ಮುಗಿಯುವಷ್ಟರಲ್ಲಿ ಮಾದರಿಯೂ ಮುಗಿದಿರುತ್ತದೆ.

ಹಾಗಾಗಿ ಪೀಠಿಕೆ ಬಿಟ್ಟು ಪರಿವಿಡಿಗೆ ಇಳಿದೆ. ಗುಟ್ಟು ಅಲ್ಲಿದೆ. ಲೇಯರ್‌ಗಳ ಮಾತು ಎಷ್ಟನೇ ಅಧ್ಯಾಯಕ್ಕೆ ಬರುತ್ತದೆ? ಪುಟದ ಅಳತೆ, ಪಿಕ್ಸೆಲ್ ಲೆಕ್ಕ ಇದೆಯೋ ಇಲ್ಲವೋ? ಫೋಟೊದ ಪಕ್ಕದ ಬರಹಕ್ಕೆ ಎಷ್ಟು ಜಾಗ ಕೊಟ್ಟಿದ್ದಾರೆ? ಒಂದು ಪುಸ್ತಕದಲ್ಲಂತೂ ಹ್ಯಾಲೋವೀನ್, ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ಅಂತ ಅಧ್ಯಾಯಗಳೇ ಹಬ್ಬದ ಹೆಸರಿನಲ್ಲಿದ್ದವು. ಹಬ್ಬ ನಮ್ಮವಲ್ಲ ಅನ್ನುವುದು ದೊಡ್ಡ ತಕರಾರಲ್ಲ. ಕಸುಬನ್ನು ಹಬ್ಬದ ಪ್ರಕಾರ ಹಂಚಿದರೆ ಅದು ಒಂದು ಕಡೆ ಒಟ್ಟಾಗಿ ಸಿಗುವುದಿಲ್ಲ. ನೆರಳು ಹಾಕುವುದು ಕುಂಬಳಕಾಯಿಯ ಪುಟದಲ್ಲಿ, ಅಂಚು ಮಬ್ಬು ಮಾಡುವುದು ಹಿಮದ ಪುಟದಲ್ಲಿ.

ಇನ್ನೊಂದರ ಪೀಠಿಕೆಯಲ್ಲಿ ಮಾತ್ರ ಓದುವಂಥದ್ದು ಸಿಕ್ಕಿತು. ಮಾರ್ಕ್ ಟ್ವೇನ್ ಅಂಟು ಸವರಿದ ಹಾಳೆಗಳ ಸ್ಕ್ರ್ಯಾಪ್‌ಬುಕ್ಕಿಗೆ 1873ರಲ್ಲಿ ಪೇಟೆಂಟ್ ಪಡೆದಿದ್ದನಂತೆ. ಹಾಳೆಗೆ ನೀರು ಸವರಿದರೆ ಸಾಕು. ಅಮೆರಿಕದ ಯೂಟಾದ ಮೇರಿಲೆನ್ ಕ್ರಿಸ್ಟೆನ್‌ಸೆನ್ ಅನ್ನುವಾಕೆ ತನ್ನ ಮನೆಯವರ ಆಲ್ಬಮ್‌ಗಳನ್ನು 1980ರಲ್ಲಿ ಸಾಲ್ಟ್ ಲೇಕ್ ಸಿಟಿಯ ದೊಡ್ಡ ವಂಶಾವಳಿ ಸಮ್ಮೇಳನದಲ್ಲಿಟ್ಟು ಈ ಹವ್ಯಾಸಕ್ಕೆ ಹೊಸ ಜೀವ ಕೊಟ್ಟಳು. ಬುಡ ವಂಶಾವಳಿಯಲ್ಲಿದೆ ಅನ್ನುವುದು ನನಗೆ ಬೇಕಾಗಿದ್ದ ಸಂಗತಿ. ಗುಂಡಿ, ರಿಬ್ಬನ್ ಆಮೇಲೆ ಬಂದ ಶೃಂಗಾರ.

12 ಅಕ್ಟೋಬರ್, ರವಿವಾರ

ಹೊರಗೆ ಗೋವಿನಜೋಳ ಒಣಹಾಕಿದ್ದಾರೆ, ರಸ್ತೆಯ ಅರ್ಧ ಹಳದಿ. ಒಳಗೆ ನಾನು ಇಸವಿಗಳ ಜೊತೆ ಗುದ್ದಾಡುತ್ತಿದ್ದೇನೆ.

ಸ್ಕ್ರ್ಯಾಪ್‌ಬುಕ್‌ನ ಇ-ಪುಸ್ತಕಗಳಲ್ಲಿ ಹೆಚ್ಚಿನವು ಫೋಟೊಶಾಪ್ ಎಲಿಮೆಂಟ್ಸ್ ಇಟ್ಟುಕೊಂಡೇ ಬರೆದವು. 2001ರಲ್ಲಿ ಬಂದ ಈ ತಂತ್ರಾಂಶಕ್ಕೆ ಹೆಚ್ಚುಕಡಿಮೆ ವರ್ಷಕ್ಕೊಂದು ಆವೃತ್ತಿ. ಪುಸ್ತಕ ಹಿಡಿದಿರುವ ಆವೃತ್ತಿ ಒಂದು, ಯಂತ್ರದಲ್ಲಿರುವುದು ಇನ್ನೊಂದು ಆದರೆ, ‘ಎಡಗಡೆಯ ಮೂರನೇ ಗುಂಡಿ ಒತ್ತಿ’ ಅಂದಾಗ ಅಲ್ಲಿ ಗುಂಡಿಯೇ ಇರುವುದಿಲ್ಲ. ಮೇಲಾಗಿ ಎಲಿಮೆಂಟ್ಸ್‌ನ 2025ರ ಆವೃತ್ತಿಯಿಂದ ಪರವಾನಗಿ ಮೂರು ವರ್ಷಕ್ಕೆ ಮಾತ್ರ. ನಮ್ಮ ಮನೆಯವರು ಪೇಪರ್ ಓದುತ್ತಲೇ, “ಮೂರು ವರ್ಷಕ್ಕ ಲಾವಣಿ ಹಿಡದಂಗ ಆತು” ಅಂದರು. ಬಿಟ್ಟೆ.

ಗಿಂಪ್ ಅನ್ನುವ ಇನ್ನೊಂದು ಚಿತ್ರ ತಂತ್ರಾಂಶ ಪುಕ್ಕಟೆ. ಈ ವರ್ಷ ಮಾರ್ಚ್‌ನಲ್ಲಿ 3.0 ಬಂದಿದೆ. ಇದಕ್ಕೆ ಬೇಕಾದ ಓದು ಸ್ಕ್ರ್ಯಾಪ್‌ಬುಕ್ ಅನ್ನುವ ಕಪಾಟಿನಲ್ಲಿ ಇಲ್ಲ, ತಂತ್ರಾಂಶದ ಕಪಾಟಿನಲ್ಲಿದೆ. ಕೇರಿ ಬಂಕ್ಸ್ ಬರೆದ ‘ಗ್ರಾಕಿಂಗ್ ದ ಗಿಂಪ್’ 2000ನೇ ಇಸವಿಯದು, ಯಾರು ಬೇಕಾದರೂ ಪುಕ್ಕಟೆ ಓದಬಹುದು. ಅದರ ಮೆನುಗಳು ಈಗ ಹಳೆಯ ಊರಿನ ನಕ್ಷೆ. ಲೇಯರು, ಸೆಲೆಕ್ಷನ್ನು, ಮಾಸ್ಕು ಹೇಗೆ ಕೆಲಸ ಮಾಡುತ್ತವೆ ಅನ್ನುವ ವಿವರಣೆ ಮಾತ್ರ ಹಳತಾಗಿಲ್ಲ. ಒಲಿವಿಯರ್ ಲೆಕಾರ್ಮ್ ಮತ್ತು ಕರೀನ್ ಡೆಲ್ವಾರ್ ಬರೆದ ‘ದ ಬುಕ್ ಆಫ್ ಗಿಂಪ್’ 2013ರದು, ಆರುನೂರು ಪುಟ ಮೀರಿದ್ದು. ಅದು ಹಿಡಿದಿರುವುದು 2.8ನ್ನು. ಆದರೂ ಹಲವು ಫೋಟೊ ಕೂಡಿಸಿ ಒಂದು ಚಿತ್ರ ಮಾಡುವ ಭಾಗ ಅದರಲ್ಲಿದೆ, ಮತ್ತು ಬರೆದವರು ಕೈಹಿಡಿದು ನಡೆಸುತ್ತಾರೆ, ಅವಸರವಿಲ್ಲ.

ಈಗ ನನ್ನ ಅನಿಸಿಕೆ: ಗುಂಡಿ ಎಲ್ಲಿದೆ ಅನ್ನುವ ಪುಸ್ತಕ ಹೊಸದಿರಬೇಕು, ಅಥವಾ ಅದರ ಬದಲು ಗಿಂಪ್‌ನವರದೇ ಕೈಪಿಡಿ ಸಾಕು. ಯಾಕೆ ಒತ್ತಬೇಕು ಅನ್ನುವ ಪುಸ್ತಕ ಹಳೆಯದಾದರೂ ನಡೆಯುತ್ತದೆ.

14 ಅಕ್ಟೋಬರ್, ಮಂಗಳವಾರ

ಪಿಡಿಎಫ್ ಇದ್ದರೆ ಅದನ್ನೇ ತೆಗೆದುಕೊಳ್ಳುವುದು. ಇಪಬ್‌ನಲ್ಲಿ ಅಕ್ಷರ ದೊಡ್ಡದು ಮಾಡಿದ ಕೂಡಲೇ ಚಿತ್ರ ಒಂದು ಪುಟಕ್ಕೆ, ಅದರ ವಿವರ ಇನ್ನೊಂದು ಪುಟಕ್ಕೆ ಜಾರುತ್ತದೆ. ಕಾದಂಬರಿಗೆ ಅದು ಸುಖ, ಇಂಥ ಪುಸ್ತಕಕ್ಕೆ ಶಿಕ್ಷೆ. ಮಗಳ ಹಳೆಯ ಕಿಂಡಲ್‌ನಲ್ಲಿ ಬಣ್ಣವೇ ಇಲ್ಲ. ‘ಕೆಂಪು ಪಟ್ಟಿ ನೋಡಿ’ ಅಂದರೆ ಎಲ್ಲವೂ ಬೂದಿ.

17 ಅಕ್ಟೋಬರ್, ಶುಕ್ರವಾರ

ಕಡಿಮೆ ಬೆಲೆಗೆ ಸಿಕ್ಕ ಒಂದು ಇ-ಪುಸ್ತಕವನ್ನು ಕೊಂಡು ನೋಡಿದೆ. ಎರಡು ಪುಟ ಕಲಿಸಿ ಮೂರನೇ ಪುಟದಲ್ಲಿ ‘ಈ ಕಿಟ್ ಕೊಳ್ಳಿ’ ಅಂತ ಕೊಂಡಿ. ಕಿಟ್ ಅಂದರೆ ಹಿನ್ನೆಲೆ ಹಾಳೆ, ಹೂವು, ಅಂಚು, ಹಳೇ ಕಾಗದದ ಕಲೆ, ಎಲ್ಲ ಚಿತ್ರರೂಪದಲ್ಲಿ. ಕೆಲವು ಕೊಂಡಿಗಳ ಆಚೆ ಈಗ ಅಂಗಡಿಯೂ ಇಲ್ಲ. ಮಾಲು ಮಾರಲು ಬರೆದ ಪುಸ್ತಕ ಗುರುತಿಸುವುದು ಸುಲಭ: ಅದರಲ್ಲಿ ‘ನಿಮ್ಮ ಸ್ವಂತ ಹಾಳೆ ಸ್ಕ್ಯಾನ್ ಮಾಡಿಕೊಳ್ಳಿ’ ಅನ್ನುವ ಅಧ್ಯಾಯ ಇರುವುದಿಲ್ಲ.

ಹಳೇ ಕಾಗದಕ್ಕೆ ದುಡ್ಡು ಕೊಡುವುದೇ! ನಮ್ಮ ಟ್ರಂಕಿನ ಪಟ್ಟಿಗಳಿಗಿಂತ ಹಳೆಯ ಕಾಗದ ಯಾವ ಕಿಟ್ಟಿನಲ್ಲಿದೆ? ನೀಲಿ ಶಾಯಿಯಲ್ಲಿ ಚೀಲದ ಲೆಕ್ಕ, ತೂಕ, ದಲಾಲಿ, ಹಮಾಲಿ. ಮಡಿಕೆಯ ಗೆರೆಯಲ್ಲಿ ಇನ್ನೂ ಮೆಣಸಿನಕಾಯಿಯ ಕೆಂಪು ಪುಡಿ. ಒಂದನ್ನು ಸ್ಕ್ಯಾನ್ ಮಾಡಿ, ಬಣ್ಣ ತಿಳಿಮಾಡಿ ಹಿನ್ನೆಲೆಗೆ ಹಾಕಿದೆ. ಅತ್ತೆಯ ಇಳಕಲ್ ಸೀರೆಯ ಅಂಚಿನದೂ ಒಂದು ಫೋಟೊ ತೆಗೆದು ಪುಟದ ಬದಿಗೆ ಪಟ್ಟಿಯಾಗಿ ಇಟ್ಟೆ.

ಅತ್ತೆ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಒಂದರ ಮೇಲೊಂದು ಲೇಯರ್ ಇಟ್ಟು ಸರಿಸುವುದನ್ನು ಕಂಡು, “ಕೌದಿ ಹೊಲದಂಗ ಅಲ್ಲೇನ?” ಅಂದರು. ಸ್ವಲ್ಪ ತಡೆದು, “ಆದ್ರ ಹೊಲಿಗಿ ಹಾಕವಲ್ಲಿ ನೀನು” ಅಂತಲೂ ಸೇರಿಸಿದರು. ಇಷ್ಟು ಚೊಕ್ಕವಾದ ವಿವರಣೆ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಹೊಲಿಗೆ ಬಿದ್ದರೆ ಅದು ಜೆಪೆಗ್, ಬೀಳದಿದ್ದರೆ ಗಿಂಪ್‌ನ ಎಕ್ಸ್‌ಸಿಎಫ್. ಎರಡನ್ನೂ ಇಟ್ಟುಕೊಳ್ಳಿ ಅಂತ ಮೊದಲ ಅಭ್ಯಾಸದಲ್ಲೇ ಹೇಳದ ಪುಸ್ತಕ ನಂಬುವಂಥದ್ದಲ್ಲ.

22 ಅಕ್ಟೋಬರ್, ಬುಧವಾರ, ಬಲಿಪಾಡ್ಯಮಿ

ಹೋರಿ ಹಬ್ಬದ ಕಾಲ ಶುರುವಾಯಿತು. ಮೈದುನನ ಮಗ ಬೆಳಗಿನಿಂದ ಹೋರಿಯ ಶೃಂಗಾರದಲ್ಲೇ ಮುಳುಗಿದ್ದ: ಜೂಲಾ, ಗೆಜ್ಜೆ, ಕೋಡಣಸು, ಕೊರಳಿಗೆ ಕೊಬ್ಬರಿ ಸರ, ಬೆನ್ನ ಮೇಲೆ ಮನುಷ್ಯನೆತ್ತರ ಬಲೂನು. ಸಂಜೆ ಗೆಳೆಯರು ತೆಗೆದ ಫೋಟೊಗಳನ್ನು ನನ್ನ ವಾಟ್ಸಾಪಿಗೆ ಸುರಿದ. “ದೊಡ್ಡವ್ವಾ, ಇವನ್ನ ಹಾಕು ನಿನ್ನ ಪುಸ್ತಕದಾಗ.”

ಇಲ್ಲಿ ಪುಸ್ತಕದ ಓದು ಕೆಲಸಕ್ಕೆ ಬಂತು. ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. 12ಕ್ಕೆ 12 ಇಂಚಿನ ಪುಟ ಅಂದರೆ 3600ಕ್ಕೆ 3600. ವಾಟ್ಸಾಪ್‌ನಲ್ಲಿ ಸುಮ್ಮನೆ ಕಳಿಸಿದ ಫೋಟೊದ ಉದ್ದನೆಯ ಬದಿ ಸುಮಾರು 1600ಕ್ಕೆ ಇಳಿದಿರುತ್ತದೆ, ಐದು ಇಂಚು ದಾಟಿದರೆ ಹೋರಿಯ ಕಣ್ಣು ಕಲಸಿದ ರಾಗಿ. ಡಾಕ್ಯುಮೆಂಟ್ ಅಂತ ಆರಿಸಿ ಮತ್ತೆ ಕಳಿಸು ಅಂದೆ. “ಅಷ್ಟೆಲ್ಲಾ ಗೊತ್ತೈತಿ ನಿನಗ?” ಅಂತ ನೋಡಿದ. ಕಳಿಸಿದ.

ಮಾವನವರ ಹೋರಿಯದು ಬೇರೆ ಸಮಸ್ಯೆ. ಕಟ್ಟು ಹಾಕಿದ ಕಪ್ಪು-ಬಿಳುಪು ಚಿತ್ರ, ಎಷ್ಟೋ ಮಳೆಗಾಲದ ಥಂಡಿಗೆ ಗಾಜಿಗೇ ಅಂಟಿಕೊಂಡಿದೆ. ಕೀಳಲು ಹೋಗಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ ಅಂತ ನನ್ನ ಓದಿನಲ್ಲಿ ಒಂದೇ ಒಂದು ಪುಸ್ತಕ ಹೇಳಿತ್ತು, ಅದೂ ಅಡಿಟಿಪ್ಪಣಿಯಲ್ಲಿ. ಹಳೆಯ ಫೋಟೊ ಕೈಯಾರೆ ಮುಟ್ಟಿದವರು ಬರೆದಿದ್ದಾರೆ ಅನ್ನುವುದಕ್ಕೆ ನನಗೆ ಆ ಅಡಿಟಿಪ್ಪಣಿ ಸಾಕಾಯಿತು.

26 ಅಕ್ಟೋಬರ್, ರವಿವಾರ

ಹೋರಿಯನ್ನು ಹಿಂದಿನ ಜನಸಂದಣಿಯಿಂದ ಬಿಡಿಸಿ ಪಟ್ಟಿಯ ಹಿನ್ನೆಲೆಯ ಮೇಲೆ ನಿಲ್ಲಿಸಬೇಕು. ಕಿಟ್ ಮಾರುವ ಪುಸ್ತಕ ಎರೇಸರ್ ಹಿಡಿಸುತ್ತದೆ: ಬೇಡವಾದದ್ದನ್ನು ಉಜ್ಜಿಬಿಡಿ. ಬಂಕ್ಸ್ ಮಹಾಶಯರು ಮಾಸ್ಕ್ ಹಿಡಿಸುತ್ತಾರೆ: ಕಪ್ಪು ಬಳಿದಲ್ಲಿ ಚಿತ್ರ ಅಡಗುತ್ತದೆ, ಬಿಳಿ ಬಳಿದರೆ ಮರಳಿ ಬರುತ್ತದೆ, ಮೂಲಕ್ಕೆ ಏನೂ ಆಗುವುದಿಲ್ಲ. ಕುಂಬಳಕಾಯಿ ಬಿಡಿಸಲು ಎರೇಸರ್ ಸಾಕಾಗಬಹುದು. ಓಡುವ ಹೋರಿಯ ರಿಬ್ಬನ್, ಬಾಲದ ಕೂದಲು, ಅರೆಪಾರದರ್ಶಕ ಬಲೂನು ಬಿಡಿಸುವವಳಿಗೆ ಮಾಸ್ಕ್ ಇಲ್ಲದೆ ದಾರಿಯಿಲ್ಲ. ಇನ್ನು ಮುಂದೆ ಯಾರು ಕೇಳಿದರೂ ನಾನು ಹೇಳುವುದು ಇದೇ: ಪರಿವಿಡಿಯಲ್ಲಿ ಮಾಸ್ಕ್ ಇಲ್ಲದಿದ್ದರೆ ಕೊಳ್ಳಬೇಡಿ.

1 ನವೆಂಬರ್, ಶನಿವಾರ

ಪಂಚಾಯಿತಿ ಕಡೆಯಿಂದ ರಾಜ್ಯೋತ್ಸವದ ಹಾಡು ಕೇಳುತ್ತಿದೆ. ನಾನು ಕನ್ನಡ ಅಕ್ಷರ ಕೂಡಿಸುತ್ತಿದ್ದೇನೆ.

ನಾನು ನೋಡಿದ ಯಾವ ಇ-ಪುಸ್ತಕದಲ್ಲೂ ಒತ್ತಕ್ಷರದ ಮಾತಿಲ್ಲ, ಇರಲಿ ಅಂತ ಬಯಸುವುದೂ ತಪ್ಪು. ಹಳೆಯ ಫೋಟೊಶಾಪ್‌ಗಳಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಒತ್ತುಗಳು ಕಳಚಿ ಪಕ್ಕದಲ್ಲಿ ನಿಲ್ಲುತ್ತಿದ್ದವು. ಅದಕ್ಕೇ ಸ್ಟುಡಿಯೋದ ಹುಡುಗರು ಇಂದಿಗೂ ನುಡಿಯ ಹಳೆಯ ಫಾಂಟಿನಲ್ಲೇ ಟೈಪಿಸಿ ಅಂಟಿಸುವುದು. ಫಾಂಟ್ ಬದಲಿಸಿದರೆ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಗೊಂದಲ. ಗಿಂಪ್‌ನಲ್ಲಿ ಯೂನಿಕೋಡ್ ಅಕ್ಷರ ಸರಿಯಾಗಿ ಕೂಡಿಕೊಂಡವು. ಗೂಗಲ್‌ನವರು ಪುಕ್ಕಟೆ ಕೊಡುವ ಫಾಂಟ್‌ಗಳಲ್ಲಿ ತಲೆಬರಹಕ್ಕೆ ಬಲೂ ತಮ್ಮ, ಬರಹಕ್ಕೆ ತಿರೋ ಕನ್ನಡ ಆರಿಸಿದೆ. ಅಕಾಯ ಕನಡಕ ನೋಡಲು ಬಲು ಚಂದ, ಆದರೆ ಹೋರಿಯ ಪಕ್ಕ ಇಟ್ಟರೆ ಎರಡೂ ಓಡುತ್ತವೆ.

ಬರಹದ್ದೇ ದೊಡ್ಡ ಕೆಲಸ. ಪುಸ್ತಕಗಳು ಇದಕ್ಕೆ ಜರ್ನಲಿಂಗ್ ಅಂತ ಹೆಸರಿಟ್ಟು ಕೊನೆಗೆ ಎರಡು ಪುಟ ಕೊಟ್ಟು ಕೈತೊಳೆದುಕೊಳ್ಳುತ್ತವೆ: ‘ನಿಮ್ಮ ಭಾವನೆ ಬರೆಯಿರಿ.’ ಭಾವನೆ ಯಾರಿಗೆ ಬೇಕು! ಹೋರಿಯ ಹೆಸರೇನು, ಯಾವ ಜಾತ್ರೆಯಲ್ಲಿ ತಂದದ್ದು, ಹಗ್ಗ ಹಿಡಿದು ನಿಂತವರಾರು? ಅತ್ತೆಯನ್ನು ಕೇಳಿದೆ. ಹೋರಿಯ ಹೆಸರು, ಅದು ಹರಿದುಕೊಂಡು ಓಡಿದ ಹೊಲ, ಅದಕ್ಕೆ ಹಾಕಿದ ಕೊಬ್ಬರಿಯ ಲೆಕ್ಕ ಎಲ್ಲ ಥಟ್ಟನೆ ಬಂತು. ಹಗ್ಗ ಹಿಡಿದವನ ಹೆಸರು ಮಾತ್ರ ಬರಲಿಲ್ಲ. “ನಿನ್ನ ಮಾವ ಇದ್ದಿದ್ರ ಹೇಳ್ತಿದ್ರು” ಅಂದರು. ಆ ಜಾಗ ಸದ್ಯ ಖಾಲಿ ಬಿಟ್ಟಿದ್ದೇನೆ. ಓಣಿಯ ಹಿರಿಯರಿಗೆ ತೋರಿಸಬೇಕು.

6 ನವೆಂಬರ್, ಗುರುವಾರ

ಹಾವೇರಿಗೆ ಹೋಗಿ ಅಚ್ಚು ಹಾಕಿಸುವ ವಿಚಾರ ಕೇಳಿಬಂದೆ. ಸ್ಟುಡಿಯೋದವನು ನನ್ನ ಶಾಲೆಯಲ್ಲಿ ಓದಿದವನು. “ಅಕ್ಕೋರ, 12ಕ್ಕ 12 ನಮ್ಮಲ್ಲಿ ನಡೆಯಂಗಿಲ್ರಿ. ಮದುವಿ ಆಲ್ಬಂ ಶೀಟು 12ಕ್ಕ 36 ಅದಾವ, ನಡುವ ಮಡಿಕಿ ಬರ್ತೈತಿ.” ಅಂದರೆ ಒಂದು ಪುಟ 12ಕ್ಕೆ 18 ಇಂಚು, 3600ಕ್ಕೆ 5400 ಪಿಕ್ಸೆಲ್. ಅಮೆರಿಕದ ಚೌಕಾಕಾರದ ಪುಟ ಇಲ್ಲಿನ ಲ್ಯಾಬಿಗೆ ಒಗ್ಗದು. ಪುಸ್ತಕಗಳಲ್ಲಿನ ಜೋಡಣೆಯ ನಕ್ಷೆಗಳೆಲ್ಲ ಚೌಕಕ್ಕೆ ಬರೆದವು, ಅವುಗಳಿಂದ ಇನ್ನು ಉಪಯೋಗವಿಲ್ಲ. ಲೇಯರು, ಮಾಸ್ಕು, ಪಿಕ್ಸೆಲ್ ಲೆಕ್ಕ ಉಳಿದವು.

ಕೊನೆಗೆ ಇಟ್ಟುಕೊಂಡದ್ದು ಬಂಕ್ಸ್, ‘ದ ಬುಕ್ ಆಫ್ ಗಿಂಪ್’, ಮತ್ತು ಗಾಜಿನ ಅಡಿಟಿಪ್ಪಣಿಯ ಆ ಪುಸ್ತಕ. ಉಳಿದ ಮಾದರಿಗಳನ್ನು ಲ್ಯಾಪ್‌ಟಾಪಿನಿಂದ ತೆಗೆದೆ. ಅಗಲವಾದ ಶೀಟು ಸಿಕ್ಕಿರುವುದು ಓಡುವ ಹೋರಿಗೆ ಒಳ್ಳೆಯದೇ ಆಯಿತು. ಎಡಪುಟದಲ್ಲಿ ಮಾವನವರದು, ಬಲಪುಟದಲ್ಲಿ ಹುಡುಗನದು, ಎರಡೂ ಒಂದೇ ದಿಕ್ಕಿಗೆ. ಮಡಿಕೆ ಯಾವುದರ ಕೋಡಿನ ಮೇಲೂ ಬರದ ಹಾಗೆ ನಾಳೆ ಸರಿಸಿ ನೋಡಬೇಕು.