ಮೂರು ಬೇಸಿಗೆ, ಒಂದು ದೋಣಿ

ದೋಣಿ ಕೊಂಡವನಿಗೆ ಸಂತೋಷದ ದಿನಗಳು ಎರಡೇ ಎರಡು ಎಂಬ ಮಾತು ಅಮೆರಿಕದ ಕರಾವಳಿಯ ಊರುಗಳಲ್ಲಿ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಒಂದು, ದೋಣಿಯನ್ನು ಕೊಂಡ ದಿನ. ಇನ್ನೊಂದು, ಅದನ್ನು ಮಾರಿದ ದಿನ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಬಲ್ಲವರಿಗೆ ಈ ಮಾತಿನ ಹಿಂದಿರುವ ನಿಟ್ಟುಸಿರು ಬೇಗ ಅರ್ಥವಾದೀತು. ಹಾಗೆಂದು ಇಲ್ಲಿ ಯಾರೂ ಮನೆ ಕಟ್ಟುವುದನ್ನು ಬಿಟ್ಟಿಲ್ಲ; ಅಲ್ಲಿ ಯಾರೂ ದೋಣಿ ಕೊಳ್ಳುವುದನ್ನು ಬಿಟ್ಟಿಲ್ಲ.

ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ನಗರದಲ್ಲಂತೂ ದೋಣಿಯ ಹುಚ್ಚು ಹತ್ತದಿರುವುದೇ ಕಷ್ಟ. ಊರಿನ ಪಶ್ಚಿಮಕ್ಕೆ ಪ್ಯೂಜೆಟ್ ಸೌಂಡ್ ಎಂಬ, ನೆಲದೊಳಕ್ಕೆ ನುಗ್ಗಿ ಬಂದಿರುವ ಸಮುದ್ರ. ಪೂರ್ವಕ್ಕೆ ವಾಷಿಂಗ್ಟನ್ ಸರೋವರದ ಸಿಹಿನೀರು. ಇವೆರಡರ ನಡುವೆ ದೋಣಿಗಳನ್ನು ನೀರಿನ ಮಟ್ಟದೊಂದಿಗೇ ಏರಿಸಿ ಇಳಿಸುವ ಬಲ್ಲಾರ್ಡ್‌ನ ಭಾರಿ ಜಲದ್ವಾರಗಳು 1917ರಿಂದ ಕೆಲಸ ಮಾಡುತ್ತಿವೆ. ಈ ಊರಿನ ಒಂದು ಕುಟುಂಬ 2016ರ ಚಳಿಗಾಲದಲ್ಲಿ ಇಕ್ಕಟ್ಟಿಗೆ ಸಿಕ್ಕಿಕೊಂಡಿತು. ತಂದೆ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ, ತಾಯಿ ಆಸ್ಪತ್ರೆಯಲ್ಲಿ ನರ್ಸ್, ಹದಿನಾರು ವರ್ಷದ ಒಬ್ಬನೇ ಮಗ ಹತ್ತನೇ ತರಗತಿ. ಕೂಡಿಟ್ಟ ಹಣದಲ್ಲಿ ದೋಣಿ ಕೊಳ್ಳುವುದೆಂದು ಮೂವರೂ ಒಪ್ಪಿದ್ದರು. ಯಾವ ದೋಣಿ ಎಂಬಲ್ಲಿಗೆ ಬಂದಾಗ ಒಪ್ಪಿಗೆ ಮುರಿದುಬಿತ್ತು.

ತಂದೆ ಕಣ್ಣಿಟ್ಟಿದ್ದು 42 ಅಡಿ ಉದ್ದದ, ಹಳೆಯದಾದರೂ ಗಟ್ಟಿಮುಟ್ಟಾದ ಹಾಯಿ ನೌಕೆಯ ಮೇಲೆ. ಒಳಗೆ ಮಲಗುವ ಕೋಣೆ ಎರಡು, ಅಡುಗೆಗೆ ಜಾಗ, ನಿಂತು ಸ್ನಾನ ಮಾಡುವ ಬಚ್ಚಲು. ಗಾಳಿಯನ್ನು ನಂಬಿ ಹೊರಟರೆ ಹವಾಯಿಯವರೆಗೂ ಹೋಗಬಹುದಾದ ಹಡಗು ಅದು. ಬೆಲೆ 90 ಸಾವಿರ ಡಾಲರ್. ತಾಯಿ ತೋರಿಸಿದ್ದು 22 ಅಡಿಯ ಮೋಟಾರು ದೋಣಿಯನ್ನು. ಮುಂದೆ ಒಂದು ಪುಟ್ಟ ಕ್ಯಾಬಿನ್, ಹಿಂದೆ ಔಟ್‌ಬೋರ್ಡ್ ಎಂಜಿನ್. ಕೂರುವ ಬೆಂಚನ್ನೇ ರಾತ್ರಿ ಹಾಸಿಗೆ ಮಾಡಿಕೊಳ್ಳಬೇಕು. ಆದರೆ ಟ್ರೇಲರ್ ಮೇಲೆ ಏರಿಸಿ ಮನೆಯ ಪಿಕಪ್ ಗಾಡಿಗೆ ಕಟ್ಟಿ ಎಲ್ಲಿಗೆ ಬೇಕಾದರೂ ಎಳೆದೊಯ್ಯಬಹುದು. ಟ್ರೇಲರ್ ಸಮೇತ 38 ಸಾವಿರ ಡಾಲರ್.

ತಂದೆಯ ಆಸೆಗೆ ಒಂದು ಹಿನ್ನೆಲೆಯಿತ್ತು. 1970ರ ದಶಕದಲ್ಲಿ ಕಬ್ಬಿಣದ ಸರಳು ಮತ್ತು ತಂತಿಬಲೆಯ ಮೇಲೆ ಸಿಮೆಂಟು ಮೆತ್ತಿ ಮನೆಯ ಹಿತ್ತಿಲಲ್ಲೇ ಹಡಗು ಕಟ್ಟುವ ಹುಚ್ಚು ಅನೇಕ ದೇಶಗಳಲ್ಲಿ ಹಬ್ಬಿತ್ತು. ಸಿಮೆಂಟಿನ ಹಡಗು ತೇಲೀತೇ ಎಂದು ಹುಬ್ಬೇರಿಸಬೇಕಿಲ್ಲ. ಹಡಗಿನ ಒಟ್ಟು ಭಾರ ಅದು ಪಕ್ಕಕ್ಕೆ ಸರಿಸುವ ನೀರಿನ ಭಾರಕ್ಕೆ ಸಮನಾದರೆ ಕಬ್ಬಿಣವೂ ತೇಲುತ್ತದೆ, ಸಿಮೆಂಟೂ ತೇಲುತ್ತದೆ. ಆ ಹುಡುಗನ ತಾತನೂ 1974ರಲ್ಲಿ ಅಂಥದೊಂದು ಹಡಗಿಗೆ ಕೈಹಾಕಿದ. ಸಿಮೆಂಟು ಮೆತ್ತುವ ಕೆಲಸ ಬಿರುಕು ಬಾರದಂತೆ ಒಂದೇ ದಿನದಲ್ಲಿ ಮುಗಿಯಬೇಕು. ಅಂದು ನೆರೆಹೊರೆಯವರೆಲ್ಲ ಬಂದು ಕೈಗೂಡಿಸಿದರು. ಎಂಟು ವರ್ಷದ ಮಗ ಬಕೆಟ್ಟಿನಲ್ಲಿ ಗಾರೆ ಹೊತ್ತು ತಂದ. ಹೊರಮೈ ಸಿದ್ಧವಾಯಿತು. ಆದರೆ ಹಡಗಿನಲ್ಲಿ ಹೊರಮೈಯ ಖರ್ಚೇ ಕಡಿಮೆ. ಎಂಜಿನ್, ಹಾಯಿಕಂಬ, ಒಳಗಿನ ಮರಗೆಲಸ ಒಂದೊಂದೂ ಮುಂದಿನ ವರ್ಷಕ್ಕೆ, ಅದರ ಮುಂದಿನ ವರ್ಷಕ್ಕೆ ಹೋಯಿತು. 1995ರಲ್ಲಿ ಮನೆ ಮಾರಿದಾಗ ಕೊಂಡವರು ಆ ಸಿಮೆಂಟಿನ ಒಡಲನ್ನು ಯಂತ್ರ ತರಿಸಿ ಒಡೆಸಿದರು. ಉಳಿದದ್ದು ಮುಂಚಿತವಾಗಿಯೇ ಕೊಂಡು ಇಟ್ಟಿದ್ದ ಹಿತ್ತಾಳೆಯ ದೊಡ್ಡ ದಿಕ್ಸೂಚಿ ಮಾತ್ರ. ತಾತ ತೇಲಿಸಲಾರದೆ ಹೋದ ಹಡಗನ್ನು ತಾನಾದರೂ ತೇಲಿಸಬೇಕೆಂಬುದು ಈ ತಂದೆಯ ಹಟ. ಆತ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ತಾಯಿ ಲೆಕ್ಕದ ಪುಸ್ತಕ ತೆರೆದಳು. ಹತ್ತು ಟನ್ನಿಗೂ ಮಿಕ್ಕಿದ ನೌಕೆಯನ್ನು ಮನೆಯ ಮುಂದೆ ತಂದು ನಿಲ್ಲಿಸಲಾಗದು. ವರ್ಷವಿಡೀ ಮರೀನಾದಲ್ಲಿ ಕಟ್ಟಿಡಬೇಕು. ಅದಕ್ಕೆ ಬಾಡಿಗೆ ತಿಂಗಳಿಗೆ 600 ಡಾಲರ್. ಉಪ್ಪುನೀರಿನಲ್ಲಿ ತಳಕ್ಕೆ ಪಾಚಿ, ಚಿಪ್ಪುಹುಳು ಅಂಟುವುದರಿಂದ ಎರಡು ವರ್ಷಕ್ಕೊಮ್ಮೆಯಾದರೂ ಮೇಲೆತ್ತಿ ಉಜ್ಜಿ ಬಣ್ಣ ಬಳಿಸಬೇಕು. ವಿಮೆ, ಹಗ್ಗ, ಹಾಯಿ, ಎಂಜಿನ್ ರಿಪೇರಿ ಬೇರೆ. ಎಲ್ಲ ಸೇರಿ ವರ್ಷಕ್ಕೆ 11 ಸಾವಿರ ಡಾಲರಿಗೆ ಕಡಿಮೆಯಿಲ್ಲ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಆ ರಾಜ್ಯದ ವಿದ್ಯಾರ್ಥಿಗೆ ಆಗ ಒಂದು ವರ್ಷದ ಶುಲ್ಕವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಂದರೆ ಮನೆಯಲ್ಲಿ ಇಬ್ಬರು ಮಕ್ಕಳನ್ನು ಕಾಲೇಜಿಗೆ ಕಳಿಸಿದಂತೆ, ಅವರಲ್ಲಿ ಒಬ್ಬ ಎಂದೂ ಪಾಸಾಗುವವನಲ್ಲ.

ಮಗನ ಲೆಕ್ಕ ಬೇರೆಯದಾಗಿತ್ತು. ನೀರನ್ನು ಸೀಳಿಕೊಂಡು ಹೋಗುವ ಇಂಥ ಹಾಯಿ ನೌಕೆಯ ವೇಗಕ್ಕೆ ಒಂದು ಮಿತಿಯಿದೆ. ನೀರಿನ ಮಟ್ಟದಲ್ಲಿ ಅದರ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಬರುವಷ್ಟು ನಾಟ್. ತಾನೇ ಎಬ್ಬಿಸಿದ ಅಲೆಯನ್ನು ದಾಟಿ ಮುಂದಕ್ಕೆ ಹೋಗುವುದು ಅದಕ್ಕೆ ಬಲು ಕಷ್ಟ. ತಂದೆ ಮೆಚ್ಚಿದ ನೌಕೆಗೆ ಆ ಉದ್ದ 36 ಅಡಿ, ವರ್ಗಮೂಲ 6, ಹೆಚ್ಚೆಂದರೆ 8 ನಾಟ್, ಎಂದರೆ ಗಂಟೆಗೆ 15 ಕಿಲೋಮೀಟರ್. ದಿನನಿತ್ಯದ ಪ್ರಯಾಣದಲ್ಲಿ 6 ಸಿಕ್ಕರೆ ಹೆಚ್ಚು. ಅವರೆಲ್ಲ ಹೋಗಬಯಸಿದ್ದು ಉತ್ತರದ ಸ್ಯಾನ್ ವಾನ್ ದ್ವೀಪಗಳಿಗೆ, ಅದರಲ್ಲೂ ಸೂಶಾ ದ್ವೀಪಕ್ಕೆ. ಸಿಯಾಟಲ್‌ನಿಂದ ನೀರಿನ ಮೇಲೆ 70 ನಾಟಿಕಲ್ ಮೈಲಿಗೂ ಹೆಚ್ಚು. ಹನ್ನೆರಡು ಗಂಟೆಯ ಹಾದಿ. ದಾರಿಯಲ್ಲಿ ಡಿಸೆಪ್ಶನ್ ಪಾಸ್ ಎಂಬ ಇಕ್ಕಟ್ಟಿನಲ್ಲಿ ಉಬ್ಬರ ಇಳಿತದ ಸೆಳೆತವೇ ಕೆಲವು ದಿನ 8 ನಾಟ್ ಮುಟ್ಟುತ್ತದೆ. ಎದುರು ಸೆಳೆತಕ್ಕೆ ಸಿಕ್ಕರೆ ನೌಕೆ ಇದ್ದಲ್ಲೇ ಇರುತ್ತದೆ. ಶನಿವಾರ ಬೆಳಿಗ್ಗೆ ಹೊರಟರೆ ರಾತ್ರಿ ತಲುಪಿ, ಭಾನುವಾರ ಬೆಳಿಗ್ಗೆ ಎದ್ದು ಹಿಂದಿರುಗಬೇಕು.

ಚಿಕ್ಕ ದೋಣಿಯಾದರೆ ಹೆದ್ದಾರಿಯಲ್ಲಿ ಗಂಟೆಗೆ 90 ಕಿಲೋಮೀಟರ್. ಅನಕಾರ್ಟಿಸ್ ಎಂಬ ಊರಿನವರೆಗೆ 130 ಕಿಲೋಮೀಟರ್ ರಸ್ತೆಯಲ್ಲಿ ಎಳೆದೊಯ್ದು ಅಲ್ಲಿ ನೀರಿಗಿಳಿಸಿದರೆ ಸೂಶಾ ಒಂದೂವರೆ ಗಂಟೆಯ ದಾರಿ. ಮಧ್ಯಾಹ್ನದ ಊಟದ ಹೊತ್ತಿಗೆ ಲಂಗರು ಹಾಕಬಹುದು.

ದೊಡ್ಡ ನೌಕೆಯ ಪರವಾಗಿ ಹೇಳಲು ತಂದೆಗೂ ಮಾತುಗಳಿದ್ದವು. ಎಲ್ಲವೂ ನಿಜವಾದ ಮಾತುಗಳೇ. ಗಾಳಿಗೆ ದುಡ್ಡು ಕೊಡಬೇಕಿಲ್ಲ. ಔಟ್‌ಬೋರ್ಡ್ ಎಂಜಿನ್ ಗಂಟೆಗೆ 20 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಭಾರವಾದ ಕೀಲ್ ಇರುವ ನೌಕೆ ಬಿರುಗಾಳಿಗೆ ವಾಲಿದರೂ ಮತ್ತೆ ಎದ್ದು ನಿಲ್ಲುತ್ತದೆ; ಹಗುರ ದೋಣಿಗೆ ಆ ಧೈರ್ಯವಿಲ್ಲ. ಚಿಕ್ಕದರಲ್ಲಿ ಮೂವರು ಮಲಗಿದರೆ ಒಬ್ಬರು ಮಗ್ಗುಲು ಬದಲಿಸಲು ಇಬ್ಬರು ಏಳಬೇಕು. ಮಾತು ಮುಗಿಯಲಿಲ್ಲ. ಮಗ ಗೋಡೆಯ ಕ್ಯಾಲೆಂಡರ್ ತಂದು ಮೇಜಿನ ಮೇಲಿಟ್ಟ. ತಂದೆಗೆ ಸಿಗುವ ರಜೆ, ತಾಯಿಯ ಪಾಳಿ, ತನ್ನ ಶಾಲೆ ಎಲ್ಲ ಕಳೆದು ಮೂವರಿಗೂ ಬಿಡುವಿರುವ ದಿನಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ. ಬೇಸಿಗೆಯಲ್ಲಿ ಇಪ್ಪತ್ತು ದಿನ ದಾಟಲಿಲ್ಲ. 2018ರ ಸೆಪ್ಟೆಂಬರಿಗೆ ಅವನು ಕಾಲೇಜಿಗೆ ಹೊರಡುವವನು. ಉಳಿದದ್ದು ಮೂರು ಬೇಸಿಗೆ.

ಆಮೇಲೆ ಅವನು ಕೇಳಿದ: “ಅಪ್ಪಾ, ತಾತನ ಜೊತೆ ನೀನು ಎಷ್ಟು ಸಲ ಸಮುದ್ರಕ್ಕೆ ಹೋಗಿದ್ದೆ?”

ತಂದೆ ಬಹಳ ಹೊತ್ತು ಉತ್ತರ ಕೊಡಲಿಲ್ಲ. “ಒಂದು ಸಲವೂ ಇಲ್ಲ” ಎಂದ ಕೊನೆಗೆ. “ಶನಿವಾರ, ಭಾನುವಾರ ಎಲ್ಲ ಅದನ್ನು ಕಟ್ಟುವುದರಲ್ಲೇ ಕಳೆದುಹೋಯಿತು.”

ಮುಂದಿನ ವಾರ ಮನೆಯ ಮುಂದೆ ಟ್ರೇಲರ್ ಬಂದು ನಿಂತಿತು. ಹಿತ್ತಾಳೆಯ ದಿಕ್ಸೂಚಿಯನ್ನು ಹೊಸ ದೋಣಿಯಲ್ಲಿ ಕೂರಿಸಲು ತಂದೆ ಅಳತೆ ತೆಗೆದು ನೋಡಿದ. ಎಲ್ಲಿಟ್ಟರೂ ಅಡ್ಡವಾಗುತ್ತಿತ್ತು. ಅದು ಮನೆಯ ಷೆಲ್ಫಿನ ಮೇಲೆಯೇ ಉಳಿಯಿತು.

ಚಿಕ್ಕ ದೋಣಿ ಕೊಂಡ ಮಾತ್ರಕ್ಕೆ ಎಲ್ಲವೂ ಸುಸೂತ್ರವಾಯಿತೆಂದಲ್ಲ. ಟ್ರೇಲರನ್ನು ಹಿಮ್ಮುಖವಾಗಿ ಇಳಿಜಾರಿಗೆ ಬಿಡುವ ವಿದ್ಯೆ ಕೈಗೆ ಹತ್ತುವವರೆಗೆ ಗಂಡ ಹೆಂಡಿರ ನಡುವೆ ಹಲವು ಸಲ ಮಾತು ನಿಂತಿತು. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ! ಉಪ್ಪುನೀರಿನಲ್ಲಿ ಮುಳುಗಿದ ಚಕ್ರದ ಬೇರಿಂಗುಗಳನ್ನು ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆಯಬೇಕು. 2017ರ ಜುಲೈಯಲ್ಲಿ ಸೂಶಾದಿಂದ ಹಿಂದಿರುಗಬೇಕಾದ ದಿನ ರೊಸಾರಿಯೋ ಜಲಸಂಧಿಯಲ್ಲಿ ಗಾಳಿ ಒಂದು ಕಡೆಯಿಂದ, ಸೆಳೆತ ಅದರ ಎದುರಿನಿಂದ. ಹಾಗಾದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಚಿಕ್ಕ ದೋಣಿಗೆ ಅದು ಅಪಾಯ. ಎರಡು ದಿನ ಅಲ್ಲೇ ಉಳಿಯಬೇಕಾಯಿತು. ಪಕ್ಕದಲ್ಲಿದ್ದ ದೊಡ್ಡ ನೌಕೆಗಳು ಹಾಯಿ ಬಿಚ್ಚಿ ಹೊರಟುಹೋಗುವುದನ್ನು ತಂದೆ ದಡದಲ್ಲಿ ನಿಂತು ನೋಡಿದ. ಊಟಕ್ಕೆ ಡಬ್ಬಿಯ ಹುರುಳಿಕಾಯಿ ಮಾತ್ರ ಉಳಿದಿತ್ತು.

ಆ ಎರಡು ದಿನಗಳಲ್ಲೇ ಅವರಿಗೆ ದೊಡ್ಡ ನೌಕೆಯ ಹಿರಿಯ ದಂಪತಿಗಳ ಪರಿಚಯವಾಯಿತು. ನಿವೃತ್ತರಾದ ಮೇಲೆ ಮನೆ ಮಾರಿ, ವರ್ಷಪೂರ್ತಿ ನೌಕೆಯಲ್ಲೇ ವಾಸಿಸುವವರು. ಅವರಿಗೆ ಮರೀನಾದ ಬಾಡಿಗೆಯೇ ಮನೆಬಾಡಿಗೆ; ಹನ್ನೆರಡು ಗಂಟೆಯ ಹಾದಿಯೇ ಸುಖ. ಅವರ ಕ್ಯಾಲೆಂಡರಿನಲ್ಲಿ ಎಲ್ಲ ದಿನಗಳಿಗೂ ಸುತ್ತು ಬಿದ್ದಿತ್ತು. ಸೂಶಾದ ಕಥೆ ಹೇಳಿದವರೂ ಅವರೇ. 1960ರಲ್ಲಿ ಪ್ಯೂಜೆಟ್ ಸೌಂಡಿನ ದೋಣಿ ಸಂಘಗಳು ಚಂದಾ ಎತ್ತಿ ದ್ವೀಪವನ್ನು ಕೊಂಡು ಎಲ್ಲರ ಉಪಯೋಗಕ್ಕೆಂದು ರಾಜ್ಯಕ್ಕೆ ಬಿಟ್ಟುಕೊಟ್ಟವಂತೆ.

ಅದೇ ಆಗಸ್ಟಿನಲ್ಲಿ ದೋಣಿ ಬೆಟ್ಟ ಹತ್ತಿತು. ಕಡಲಿನ ಹುಳುಹುಪ್ಪಟೆ ಸಿಹಿನೀರಿಗೆ ಸೇರದಂತೆ ಚೆನ್ನಾಗಿ ತೊಳೆದು ಒಣಗಿಸಿ, ಪರ್ವತಸಾಲಿನ ಆಚೆಗಿರುವ ಶೆಲಾನ್ ಸರೋವರಕ್ಕೆ ಒಯ್ದರು. ಹಿಮನದಿ ಕೊರೆದ, 80 ಕಿಲೋಮೀಟರ್ ಉದ್ದದ, 1,486 ಅಡಿ ಆಳದ ಸರೋವರ ಅದು. ಅದರ ತುದಿಯ ಸ್ಟಹೀಕಿನ್ ಎಂಬ ಹಳ್ಳಿಗೆ ಹೊರಗಿನಿಂದ ರಸ್ತೆಯೇ ಇಲ್ಲ. 42 ಅಡಿಯ ನೌಕೆ ಹವಾಯಿಗೆ ಹೋಗಬಲ್ಲುದು. ಈ ಹಳ್ಳಿಗೆ ಬರಲಾರದು.

2018ರ ಸೆಪ್ಟೆಂಬರಿನಲ್ಲಿ ಮಗನ ಪೆಟ್ಟಿಗೆಗಳನ್ನು ಅದೇ ಪಿಕಪ್ಪಿಗೆ ತುಂಬಿದರು. ಟ್ರೇಲರನ್ನು ಬಿಚ್ಚಿ ಮನೆಯ ಪಕ್ಕ ನಿಲ್ಲಿಸಿ ಟಾರ್ಪಾಲು ಹೊದಿಸಿದ್ದರು. ದೋಣಿಯ ದಿನಚರಿಯನ್ನು ತಾಯಿ ಹಿಂದಿನ ರಾತ್ರಿ ತೆಗೆದು ಎಣಿಸಿದ್ದಳು. ಮೂರು ಬೇಸಿಗೆಗಳಲ್ಲಿ ಮೂವರೂ ಒಟ್ಟಿಗೆ ನೀರಿನ ಮೇಲೆ ಮಲಗಿದ ರಾತ್ರಿಗಳು 58. ಹವಾಯಿಗೆ ಹೋಗುವುದು ಇನ್ನು ಆಗಲಾರದೆಂಬುದು ತಂದೆಗೆ ಗೊತ್ತಿತ್ತು. ಆತ ಆ ಸಂಖ್ಯೆಯನ್ನು ಕೇಳಿಸಿಕೊಂಡು, ಟಾರ್ಪಾಲಿನ ಹಗ್ಗವನ್ನು ಇನ್ನೊಮ್ಮೆ ಬಿಗಿಯಾಗಿ ಕಟ್ಟಿ, ಗಾಡಿ ಏರಿದ.